ಮೊಲ ಮತ್ತು ಗಿನಿಪಿಗ್: ಒಂದೇ ಗೂಡಿನಲ್ಲಿ ಇಡಬಹುದೇ?

ಪ್ರಶ್ನೆ

ನಮ್ಮ ಮನೆಯಲ್ಲಿ ಮೂರು ವರ್ಷದ ಹೆಣ್ಣು ಮೊಲವಿದೆ. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ತೂಕ ಸುಮಾರು 2.4 ಕಿಲೊ, ಸ್ವಭಾವ ತೀರ ಸಾಧು. ಹತ್ತು ದಿನಗಳ ಹಿಂದೆ ಬಂಧುಗಳೊಬ್ಬರು ಮನೆ ಬದಲಾಯಿಸುವಾಗ ತಮ್ಮ ಒಂಟಿ ಗಿನಿಪಿಗ್ ಅನ್ನು ನಮಗೆ ಒಪ್ಪಿಸಿ ಹೋದರು. ಅದೂ ಹೆಣ್ಣೇ ಎಂದು ಹೇಳಿದ್ದಾರೆ. ವಯಸ್ಸು ಒಂದು ವರ್ಷವಿರಬಹುದು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 820 ಗ್ರಾಂ ಬಂತು. ಸದ್ಯಕ್ಕೆ ಮೊಲದ ಆವರಣದ ಒಂದು ಭಾಗಕ್ಕೆ ತಂತಿಜಾಲರಿ ಅಡ್ಡ ಇಟ್ಟು ಅದಕ್ಕೆ ಜಾಗ ಮಾಡಿಕೊಟ್ಟಿದ್ದೇನೆ.

ಎರಡೂ ಜಾಲರಿಯ ಆಚೀಚೆ ಬಹಳ ಹೊತ್ತು ಪಕ್ಕಪಕ್ಕದಲ್ಲೇ ಕುಳಿತಿರುತ್ತವೆ. ಮೊಲವು ತಲೆ ತಗ್ಗಿಸಿ, ಗದ್ದವನ್ನು ನೆಲಕ್ಕೆ ತಾಗಿಸಿ, ಮೂಗನ್ನು ಜಾಲರಿಗೆ ಒತ್ತಿ ಕೂರುತ್ತದೆ. ಗಿನಿಪಿಗ್ ಅಲುಗಾಡದೆ ಅದನ್ನೇ ನೋಡುತ್ತಿರುತ್ತದೆ. ಮೊನ್ನೆ ಹತ್ತು ನಿಮಿಷ ಜಾಲರಿ ತೆಗೆದು ನೋಡಿದೆ. ಮೊಲ ಹತ್ತಿರ ಹೋಗಿ ಮೂಗಿನಿಂದ ಎರಡು ಸಲ ತಿವಿಯಿತು, ಗಿನಿಪಿಗ್ ಹಲ್ಲು ಕಟಕಟಿಸಿತು, ಅಷ್ಟೇ. ಕಚ್ಚಾಟವಾಗಲಿ ಅಟ್ಟಾಡಿಸಿದ್ದಾಗಲಿ ಆಗಲಿಲ್ಲ. ಎರಡೂ ಹುಲ್ಲು ತಿನ್ನುವ, ಸೊಪ್ಪು ತಿನ್ನುವ, ಜೊತೆ ಬಯಸುವ ಪ್ರಾಣಿಗಳು; ಆವರಣವೂ ದೊಡ್ಡದಿದೆ. ಹಾಗಿರುವಾಗ ಜಾಲರಿಯನ್ನು ಶಾಶ್ವತವಾಗಿ ತೆಗೆದುಬಿಡಬಹುದೇ? ಮೊಲಕ್ಕೆ ಆಗೊಮ್ಮೆ ಈಗೊಮ್ಮೆ ಸೀನು ಬರುವುದನ್ನು ಬಿಟ್ಟರೆ, ಅದು ಒಣಹುಲ್ಲಿನ ಧೂಳಿನಿಂದ ಇರಬೇಕು, ಎರಡೂ ಆರೋಗ್ಯವಾಗಿವೆ.

ಉತ್ತರ 1

ನೀವು ಕೊನೆಯಲ್ಲಿ ಅರ್ಧ ವಾಕ್ಯದಲ್ಲಿ ಮುಗಿಸಿರುವ ಆ ಸೀನಿನಿಂದಲೇ ನಾನು ಆರಂಭಿಸಬೇಕಾಗಿದೆ. ಅದು ಧೂಳಿನಿಂದಲೇ ಇರಬಹುದು. ಆದರೆ ಮೊಲಗಳ ಮೂಗು ಮತ್ತು ಗಂಟಲಿನಲ್ಲಿ ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಎಂಬ ಬ್ಯಾಕ್ಟೀರಿಯಾ ಯಾವ ತೊಂದರೆಯನ್ನೂ ಕೊಡದೆ ವರ್ಷಗಟ್ಟಲೆ ನೆಲೆಸಿರುವುದು ಸಾಮಾನ್ಯ ಸಂಗತಿ. ಮೊಲಕ್ಕೆ ಹೆಚ್ಚೆಂದರೆ ಒಂದೆರಡು ಸೀನು ಬರಬಹುದು, ಅದೂ ಬಾರದಿರಬಹುದು. ಅದೇ ಬ್ಯಾಕ್ಟೀರಿಯಾ ಗಿನಿಪಿಗ್‌ನ ದೇಹ ಸೇರಿದರೆ ನ್ಯುಮೋನಿಯಾ ಉಂಟಾಗುತ್ತದೆ, ಮತ್ತು ಕೆಲವೊಮ್ಮೆ ನಾವು ಲಕ್ಷಣ ಗುರುತಿಸುವಷ್ಟರಲ್ಲಿಯೇ ಪ್ರಾಣಿ ಕೈತಪ್ಪಿ ಹೋಗಿರುತ್ತದೆ. ಮೊಲಗಳಲ್ಲಿ ಸಾಮಾನ್ಯವಾಗಿರುವ ಪಾಶ್ಚುರೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಗಿನಿಪಿಗ್‌ಗೆ ಹರಡಬಲ್ಲದು. ಎರಡೂ ಹೊಂದಿಕೊಂಡಿವೆಯೇ ಇಲ್ಲವೇ ಎಂಬುದು ಆಮೇಲಿನ ಮಾತು. ಎಷ್ಟೇ ಸ್ನೇಹವಿದ್ದರೂ ರೋಗಾಣು ದಾಟುವುದು ನಿಲ್ಲುವುದಿಲ್ಲ, ಸ್ನೇಹ ಹೆಚ್ಚಿದಷ್ಟೂ ಮೂಗಿಗೆ ಮೂಗು ತಾಗುವುದು ಹೆಚ್ಚುತ್ತದೆ.

ಆದ್ದರಿಂದ ನಿಮ್ಮ ಜಾಲರಿಯನ್ನು ತೆಗೆಯುವುದು ಹಾಗಿರಲಿ, ಅದು ಈಗಲೇ ಸಾಲದು ಎಂಬುದು ನನ್ನ ಅಭಿಪ್ರಾಯ. ಸೀನಿದಾಗ ಹಾರುವ ಹನಿಗಳಿಗೆ ತಂತಿ ತಡೆಯಾಗುವುದಿಲ್ಲ. ಗಿನಿಪಿಗ್ ಅನ್ನು ಬೇರೆ ಕೋಣೆಗೆ ಸಾಗಿಸಿ. ಅದರ ಊಟ, ನೀರು, ಗೂಡಿನ ಕೆಲಸವನ್ನು ಮೊದಲು ಮುಗಿಸಿ, ಮೊಲದ ಕೆಲಸವನ್ನು ಆಮೇಲೆ ಮಾಡಿ. ನಡುವೆ ಕೈ ತೊಳೆಯಿರಿ. ಇಬ್ಬರನ್ನೂ, ಕ್ಷಮಿಸಿ, ಎರಡನ್ನೂ ಸಣ್ಣ ಪ್ರಾಣಿಗಳ ಅನುಭವವಿರುವ ಪಶುವೈದ್ಯರಿಗೆ ಒಮ್ಮೆ ತೋರಿಸಿ. ಮೊಲದ ಮುಂಗಾಲಿನ ಒಳಬದಿಯ ರೋಮ ಅಂಟಿಕೊಂಡು ಗಂಟುಗಂಟಾಗಿದೆಯೇ ನೋಡಿಕೊಳ್ಳಿ. ಮೂಗು ಸುರಿಯುವ ಮೊಲ ಅದನ್ನು ಕಾಲಿನಿಂದ ಒರೆಸಿಕೊಳ್ಳುವುದರಿಂದ ಮೂಗು ಒಣಗಿದಂತೆ ಕಂಡರೂ ಗುಟ್ಟು ಅಲ್ಲಿ ಸಿಗುತ್ತದೆ. ಗಿನಿಪಿಗ್ ರೋಮ ಉಬ್ಬಿಸಿಕೊಂಡು ಮೂಲೆ ಹಿಡಿದರೆ, ಉಸಿರಾಡುವಾಗ ಪಕ್ಕೆ ಸೆಳೆದುಕೊಂಡರೆ, ಮೂಗು ಅಥವಾ ಕಣ್ಣಿನ ಸುತ್ತ ಪೊರೆಗಟ್ಟಿದರೆ ಮರುದಿನದವರೆಗೆ ಕಾಯಬೇಡಿ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್‌ನಂಥ ಮಾತ್ರೆಯನ್ನು ಪುಡಿಮಾಡಿ ಕೊಡುವ ಯೋಚನೆಯಂತೂ ಬೇಡವೇ ಬೇಡ. ಪೆನಿಸಿಲಿನ್ ವರ್ಗದ ಔಷಧ ಬಾಯಿಯ ಮೂಲಕ ಹೋದರೆ ಈ ಎರಡೂ ಪ್ರಾಣಿಗಳ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳು ನಾಶವಾಗಿ, ಕಾಯಿಲೆಗಿಂತ ಮೊದಲು ಔಷಧವೇ ಪ್ರಾಣ ತೆಗೆಯಬಹುದು.

ಇನ್ನು ನೀವು ಕಂಡ ವರ್ತನೆಯ ವಿಷಯ. ಮೊಲ ತಲೆ ತಗ್ಗಿಸಿ ಮತ್ತೊಂದರ ಮುಂದೆ ಕೂರುವುದಕ್ಕೆ ಮೊಲಗಳ ನಡುವೆ ಖಚಿತವಾದ ಅರ್ಥವಿದೆ: ‘ನನ್ನ ಹಣೆ ನೆಕ್ಕು.’ ಜೊತೆಯ ಮೊಲವಾದರೆ ಹಣೆ, ಕಿವಿ, ಕಣ್ಣಿನ ಸುತ್ತ ನೆಕ್ಕಿ ಸವರುತ್ತದೆ. ಅವುಗಳ ಬಾಂಧವ್ಯದಲ್ಲಿ ಅದು ಬಹು ಮುಖ್ಯ ಭಾಗ. ಗಿನಿಪಿಗ್‌ಗಳು ಒಂದನ್ನೊಂದು ಹಾಗೆ ನೆಕ್ಕುವುದು ಅಪರೂಪ. ಕೇಳಿದ್ದು ಸಿಗದಾಗ ಮೊಲ ಮೂಗಿನಿಂದ ತಿವಿಯುತ್ತದೆ, ಮತ್ತೆ ಕೇಳುತ್ತದೆ, ಮತ್ತೆ ತಿವಿಯುತ್ತದೆ. ಗಿನಿಪಿಗ್‌ನ ಭಾಷೆಯಲ್ಲಿ ಹಲ್ಲು ಕಟಕಟಿಸುವುದು ‘ಹತ್ತಿರ ಬರಬೇಡ’ ಎಂಬ ಸ್ಪಷ್ಟ ಎಚ್ಚರಿಕೆ, ಅಲುಗಾಡದೆ ಕೂರುವುದು ಭಯದ ಗುರುತು. ಆ ಜಾತಿ ಅಪಾಯದ ಎದುರು ಮೊದಲು ಮಾಡುವುದೇ ಕಲ್ಲಿನಂತೆ ಸ್ತಬ್ಧವಾಗುವುದನ್ನು. ನೀವು ಜಗಳವಿಲ್ಲ ಎಂದು ನೆಮ್ಮದಿಪಟ್ಟ ಆ ಹತ್ತು ನಿಮಿಷದಲ್ಲಿ ಒಂದು ಕೇಳುತ್ತಿತ್ತು, ಇನ್ನೊಂದು ಬೇಡವೆನ್ನುತ್ತಿತ್ತು, ಎರಡಕ್ಕೂ ಪರಸ್ಪರ ಅರ್ಥವಾಗುತ್ತಿರಲಿಲ್ಲ.

ಆಹಾರ ಒಂದೇ ಎಂಬುದೂ ಅರ್ಧ ಮಾತ್ರ ನಿಜ. ಒಣಹುಲ್ಲು ಇಬ್ಬರಿಗೂ ಮುಖ್ಯ ಆಹಾರ, ಸರಿ. ಆದರೆ ಮೊಲ ತನಗೆ ಬೇಕಾದ ವಿಟಮಿನ್ ಸಿ ಯನ್ನು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ. ಗಿನಿಪಿಗ್‌ಗೆ, ಮನುಷ್ಯರಂತೆಯೇ, ಅದಕ್ಕೆ ಬೇಕಾದ ಕಿಣ್ವವಿಲ್ಲ. ಅದಕ್ಕೆ ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 10ರಿಂದ 30 ಮಿಲಿಗ್ರಾಂನಷ್ಟು ಹೊರಗಿನಿಂದಲೇ ಸಿಗಬೇಕು. ಮೊಲಕ್ಕೆಂದು ಮಾಡಿದ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ತಿಂದು ಬದುಕುವ ಗಿನಿಪಿಗ್ ಕೆಲವು ವಾರಗಳಲ್ಲೇ ಸ್ಕರ್ವಿಗೆ ತುತ್ತಾಗಬಹುದು: ರೋಮ ಒರಟಾಗುತ್ತದೆ, ಕೀಲುಗಳು ಊದಿ ನಡಿಗೆ ಕುಂಟುತ್ತದೆ, ವಸಡಿನಲ್ಲಿ ರಕ್ತ ಕಾಣಿಸುತ್ತದೆ. ಗಿನಿಪಿಗ್‌ಗೆಂದೇ ಮಾಡಿದ ಪೆಲೆಟ್‌ನಲ್ಲಿ ಈ ವಿಟಮಿನ್ ಸೇರಿಸಿರುತ್ತಾರಾದರೂ ಅದು ತಯಾರಾದ ಸುಮಾರು ಮೂರು ತಿಂಗಳಲ್ಲಿ ಬಹಳಷ್ಟು ಕ್ಷೀಣಿಸುತ್ತದೆ. ಆದುದರಿಂದ ಚೀಲದ ಮೇಲಿನ ತಯಾರಿಕೆಯ ದಿನಾಂಕ ನೋಡಿಯೇ ಕೊಳ್ಳಬೇಕು. ಕುಡಿಯುವ ನೀರಿಗೆ ಹನಿ ಹಾಕುವುದು ನಂಬಿಕೆಯ ಉಪಾಯವಲ್ಲ, ಬೆಳಕಿಗೆ ಅದು ಬೇಗ ಹಾಳಾಗುತ್ತದೆ. ಕೆಂಪು ದಪ್ಪ ಮೆಣಸಿನಕಾಯಿಯ 20 ಗ್ರಾಂನ ಒಂದು ಹೋಳು ದಿನವೂ ಕೊಟ್ಟರೆ ಈ ಚಿಂತೆ ಬಹುಪಾಲು ತೀರುತ್ತದೆ.

ಉತ್ತರ 2

ಮೇಲಿನವರು ವಿವರವಾಗಿ ಹೇಳಿರುವುದಕ್ಕೆ ನನ್ನ ಅನುಭವವನ್ನು ಮಾತ್ರ ಸೇರಿಸುತ್ತೇನೆ. ನಾನು ಎರಡನ್ನೂ ಹದಿನಾಲ್ಕು ತಿಂಗಳು ಒಟ್ಟಿಗೆ ಇಟ್ಟಿದ್ದೆ, ಮತ್ತು ಆ ಅಷ್ಟೂ ಕಾಲ ಎಲ್ಲವೂ ಚೆನ್ನಾಗಿದೆ ಎಂದೇ ನಂಬಿದ್ದೆ. ನಂಬಿಕೆ ಅಲುಗಿದ್ದು ತಕ್ಕಡಿಯಿಂದ. ಪ್ರತಿ ಭಾನುವಾರ ತೂಕ ಬರೆದಿಡುವ ಅಭ್ಯಾಸ ಶುರುಮಾಡಿದ ಮೇಲೆ ಗಿನಿಪಿಗ್ ಆರು ವಾರಗಳಲ್ಲಿ 940 ಗ್ರಾಂನಿಂದ 865ಕ್ಕೆ ಇಳಿದದ್ದು ಗೊತ್ತಾಯಿತು. ಹಲ್ಲು ನೋಡಿಸಿದೆ, ಏನೂ ದೋಷವಿರಲಿಲ್ಲ. ಕೊನೆಗೆ ಒಂದು ಸಂಜೆ ಹುಲ್ಲು ಹಾಕಿ ಬಾಗಿಲ ಮರೆಯಲ್ಲಿ ಕುಳಿತು ನೋಡಿದೆ. ಮೊಲ ಹುಲ್ಲಿನ ಬುಟ್ಟಿಯ ಮುಂದೆ ಮೈಚಾಚಿ ಮಲಗಿತ್ತು, ತಿನ್ನುತ್ತಲೂ ಇರಲಿಲ್ಲ. ಗಿನಿಪಿಗ್ ತನ್ನ ಡಬ್ಬದ ಗೂಡಿನಿಂದ ಮೂರು ಸಲ ಮೂತಿ ಹೊರಹಾಕಿ, ಮೂರು ಸಲವೂ ಒಳಗೆ ಹೋಯಿತು. ಮೊಲ ಎದ್ದು ನೀರಿನ ಕಡೆಗೆ ಹೋದಾಗ ಓಡಿಬಂದು ನಾಲ್ಕು ಎಳೆ ಕಿತ್ತುಕೊಂಡು ಮತ್ತೆ ಒಳಗೆ ಸೇರಿತು. ಮೊಲ ಅದನ್ನು ಗದರಲಿಲ್ಲ, ಕಚ್ಚಲಿಲ್ಲ. ಅಲ್ಲಿ ಮಲಗಿದ್ದೇ ಸಾಕಾಗಿತ್ತು.

ಬೇರೆ ಮಾಡಬೇಕೆಂದು ತೀರ್ಮಾನಿಸಿ ಇನ್ನೂ ಗೂಡು ಸಿದ್ಧವಾಗುವ ಮೊದಲೇ ಅವಘಡವೂ ನಡೆಯಿತು. ಮೊಲ ಯಾವುದೋ ಸದ್ದಿಗೆ ಬೆಚ್ಚಿ ಎತ್ತರದ ಹಲಗೆಯಿಂದ ಜಿಗಿದದ್ದು ನೇರವಾಗಿ ಗಿನಿಪಿಗ್‌ನ ಮೇಲೆ. ಹಿಂಗಾಲಿನ ಮೂಳೆ ಮುರಿಯಿತು. ಕೆಡುಕಿನ ಉದ್ದೇಶ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ, ಆದರೆ ಮೂರು ಪಟ್ಟು ತೂಕದ, ಒದೆಯಲೆಂದೇ ಹುಟ್ಟಿದಂಥ ಹಿಂಗಾಲುಗಳ ಪ್ರಾಣಿಗೆ ಉದ್ದೇಶದ ಅಗತ್ಯವೂ ಇಲ್ಲ. ಕಾಲು ಕೂಡಿಕೊಂಡ ಮೇಲೆ ಅದಕ್ಕೆ ಜೊತೆಯಾಗಿ ಇನ್ನೊಂದು ಹೆಣ್ಣು ಗಿನಿಪಿಗ್ ತಂದೆ. ಬೆಳಿಗ್ಗೆ ಸೊಪ್ಪಿನ ಪೊಟ್ಟಣ ಬಿಚ್ಚುವ ಸದ್ದಿಗೆ ‘ವೀಕ್, ವೀಕ್’ ಎಂದು ಕೂಗುವುದನ್ನು ನಾನು ಆಗಲೇ ಮೊದಲು ಕೇಳಿದ್ದು. ಅದು ಸ್ವಭಾವತಃ ಮೌನಿ ಎಂದು ಅದುವರೆಗೆ ಎಲ್ಲರಿಗೂ ಹೇಳುತ್ತಿದ್ದೆ.

ಉತ್ತರ 3

ಮೇಲಿನ ಎರಡೂ ಉತ್ತರಗಳನ್ನು ಗೌರವದಿಂದ ಓದಿದೆ, ಆದರೂ ಒಂದು ಆಕ್ಷೇಪವಿದೆ. ನಮ್ಮಲ್ಲಿ ಮೊಲವೂ ಗಿನಿಪಿಗ್ಗೂ ನಾಲ್ಕು ವರ್ಷದಿಂದ ಒಟ್ಟಿಗಿವೆ. ಗಿನಿಪಿಗ್‌ಗೆ ಈಗ ಆರು ವರ್ಷ ದಾಟಿದೆ, ತೂಕ ಇಳಿದಿಲ್ಲ, ರೋಗ ಬಂದಿಲ್ಲ, ಮೊಲಕ್ಕೆ ಆತು ಮಲಗುತ್ತದೆ. ಎಲ್ಲರೂ ಒಂದೇ ಮಾತನ್ನು ಹೇಳುತ್ತಾರೆಂದು ಈ ವಯಸ್ಸಿನಲ್ಲಿ ಅದನ್ನು ಒಂಟಿ ಮಾಡಿದರೆ ಅದು ಕರುಣೆಯೇ? ‘ಎಂದಿಗೂ ಕೂಡದು’ ಎಂಬ ಮಾತು ಪುಸ್ತಕಕ್ಕೆ ಸರಿ, ಮನೆಗೆ ಅಲ್ಲ ಎಂದು ನನಗೆ ತೋರುತ್ತದೆ.

ಉತ್ತರ 1 ಬರೆದವರಿಂದ

ನಿಮ್ಮ ಆಕ್ಷೇಪ ನ್ಯಾಯವಾದದ್ದು, ಮತ್ತು ನಿಮ್ಮ ಸ್ಥಿತಿ ಪ್ರಶ್ನೆ ಕೇಳಿದವರ ಸ್ಥಿತಿಯಲ್ಲ. ಅವರು ಹೊಸದಾಗಿ ಒಟ್ಟುಗೂಡಿಸಲು ಹೊರಟಿದ್ದಾರೆ. ಅದಕ್ಕೆ ನಾನು ಬೇಡ ಎನ್ನುತ್ತೇನೆ. ನೀವು ಹಳೆಯದೊಂದು ಹೊಂದಾಣಿಕೆಯನ್ನು ಕೆಡಿಸಬೇಕೇ ಎಂದು ಕೇಳುತ್ತಿದ್ದೀರಿ. ಮುಪ್ಪಿನ ಗಿನಿಪಿಗ್ ಅನ್ನು ರಾತ್ರೋರಾತ್ರಿ ಒಂಟಿ ಮಾಡಿ ಎಂದು ನಾನು ಹೇಳಲಾರೆ. ಇದ್ದಂತೆಯೇ ಇರಲಿ ಎಂದಾದರೆ ಗಿನಿಪಿಗ್ ಮಾತ್ರ ನುಸುಳಬಲ್ಲ, ಮೊಲದ ತಲೆ ಹಿಡಿಸದಷ್ಟು ಕಿರಿದಾದ ಬಾಯಿಯ ಎರಡು ಅಡಗುತಾಣಗಳಿರಲಿ, ಒಂದಕ್ಕಾದರೂ ಎರಡು ದಾರಿ ಇರಲಿ. ಹುಲ್ಲು ಮತ್ತು ನೀರು ಎರಡೆರಡು ಕಡೆ ಇಡಿ, ಎತ್ತರದ ಹಲಗೆಗಳನ್ನು ತೆಗೆದುಬಿಡಿ. ಮೊಲಕ್ಕೆ ಸಂತಾನಹರಣ ಆಗಿರದಿದ್ದರೆ ಮಾಡಿಸಿ, ಏಕೆಂದರೆ ಮೇಲೇರಿ ಪೀಡಿಸುವುದು ಬಹುಮಟ್ಟಿಗೆ ಅದರಿಂದ ತಗ್ಗುತ್ತದೆ. ಹೆಣ್ಣು ಮೊಲವಾದರೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಬಹಳ ಹೆಚ್ಚಾದುದರಿಂದ ಅದರ ಲಾಭ ಮೊಲಕ್ಕೂ ಇದೆ.

ಆದರೆ ಒಂದು ಮಾತನ್ನು ಹೇಳದೆ ಇರಲಾರೆ. ಆತು ಮಲಗುವುದನ್ನು ಸ್ನೇಹದ ಪುರಾವೆ ಎಂದು ನೀವು ಕೊಟ್ಟಿದ್ದೀರಿ. ತನ್ನ ಜಾತಿಯ ಜೊತೆ ಇಲ್ಲದ ಪ್ರಾಣಿ ಸಿಕ್ಕ ಬಿಸುಪಿಗೆ ಆತುಕೊಳ್ಳುತ್ತದೆ. ಅದು ಸುಳ್ಳಲ್ಲ, ಆದರೆ ಅದು ಆಯ್ಕೆಯೂ ಅಲ್ಲ. ಗಿನಿಪಿಗ್‌ಗಳು ಹಗಲಿರುಳೆನ್ನದೆ ಸ್ವಲ್ಪ ಹೊತ್ತು ಓಡಾಡಿ ಸ್ವಲ್ಪ ಹೊತ್ತು ಮಲಗುವ, ದಿನವಿಡೀ ಗುರುಗುಟ್ಟುತ್ತ ಮಾತಾಡುವ ಪ್ರಾಣಿಗಳು. ಮೊಲ ಮುಂಜಾವ ಮತ್ತು ಮುಸ್ಸಂಜೆಗೆ ಎಚ್ಚರವಾಗುವ, ಗಾಬರಿಯಾದಾಗ ಹಿಂಗಾಲಿನಿಂದ ನೆಲ ಬಡಿಯುವುದನ್ನು ಬಿಟ್ಟರೆ ಹೆಚ್ಚುಕಡಿಮೆ ಮೂಕವಾಗಿರುವ ಪ್ರಾಣಿ. ಆರು ವರ್ಷದ ಗಿನಿಪಿಗ್ ಅನ್ನು ಕೂಡ ಬೇರೊಂದು ಸೌಮ್ಯ ಗಿನಿಪಿಗ್‌ಗೆ ತಟಸ್ಥ ಜಾಗದಲ್ಲಿ ಪರಿಚಯಿಸಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಉತ್ತರ ಓದಿದ ದಿನವೇ ಗಿನಿಪಿಗ್ ಅನ್ನು ಬೇರೆ ಕೋಣೆಗೆ ಸಾಗಿಸಿದೆ. ಮೊಲದ ಮುಂಗಾಲುಗಳನ್ನು ನೋಡಿದೆ: ಬಲಗಾಲಿನ ಒಳಬದಿಯ ರೋಮ ನಿಜವಾಗಿಯೂ ಅಂಟಂಟಾಗಿ ಹಳದಿ ಬಣ್ಣಕ್ಕೆ ತಿರುಗಿತ್ತು. ಮೂರು ವರ್ಷದಿಂದ ದಿನವೂ ಎತ್ತಿಕೊಳ್ಳುವ ಪ್ರಾಣಿಯಲ್ಲಿ ಇದನ್ನು ಗಮನಿಸಿರಲಿಲ್ಲ ಎಂಬುದಕ್ಕೆ ನಾಚಿಕೆಯಾಯಿತು. ಪಶುವೈದ್ಯರು ಮೊಲಕ್ಕೆ ಚಿಕಿತ್ಸೆ ಆರಂಭಿಸಿದ್ದಾರೆ. ಗಿನಿಪಿಗ್‌ನ ಎದೆಯಲ್ಲಿ ಸದ್ದಿಲ್ಲ, ಎರಡು ವಾರ ದಿನವೂ ತೂಕ ನೋಡಿ ಎಂದಿದ್ದಾರೆ. ಜೊತೆಗೆ ಅದು ಹೆಣ್ಣಲ್ಲ, ಗಂಡು ಎಂಬುದೂ ಅಲ್ಲೇ ತಿಳಿಯಿತು. ಅದಕ್ಕೊಂದು ಜೊತೆ ತರಬೇಕೆಂದಿದ್ದೇನೆ. ಎಂಥದನ್ನು, ಯಾವಾಗ ತರಬೇಕು?

ಉತ್ತರ 2 ಬರೆದವರಿಂದ

ಆ ಎರಡು ವಾರ ಮುಗಿಯುವವರೆಗೆ ಏನನ್ನೂ ತರಬೇಡಿ. ಆಮೇಲೆ ತಂದದ್ದನ್ನೂ ಎರಡು ಮೂರು ವಾರ ಬೇರೆ ಇಟ್ಟು ನೋಡಿ. ಗಂಡಿಗೆ ಹೆಣ್ಣಿನ ಜೊತೆಯೇ ಸುಲಭವಾಗಿ ಹೊಂದುತ್ತದೆ, ಆದರೆ ಮೊದಲು ಗಂಡಿಗೆ ಶಸ್ತ್ರಚಿಕಿತ್ಸೆ ಆಗಬೇಕು; ಆದ ಮೇಲೂ ಸುಮಾರು ಆರು ವಾರ ಕಾಯಬೇಕು, ಏಕೆಂದರೆ ಆ ಅವಧಿಯಲ್ಲಿ ಅದು ಇನ್ನೂ ಮರಿ ಹುಟ್ಟಿಸಬಲ್ಲದು. ಇದನ್ನು ಒತ್ತಿ ಹೇಳಲು ಕಾರಣವಿದೆ: ಸುಮಾರು ಏಳು ತಿಂಗಳಾದ ಮೇಲೆ ಮೊದಲ ಸಲ ಗರ್ಭ ಧರಿಸುವ ಹೆಣ್ಣು ಗಿನಿಪಿಗ್‌ನ ಸೊಂಟದ ಮೂಳೆಯ ಕೂಡುಗೆ ಗಟ್ಟಿಯಾಗಿಬಿಟ್ಟಿರುವುದರಿಂದ ಹೆರಿಗೆ ಪ್ರಾಣಾಂತಿಕವಾಗಬಹುದು. ಕೊಡುವವರು ಹೆಣ್ಣು ಎಂದರೂ ಪಶುವೈದ್ಯರಿಗೆ ತೋರಿಸಿಯೇ ಜೊತೆ ಮಾಡಿ. ನಿಮಗೆ ಈಗಾಗಲೇ ಒಮ್ಮೆ ಮೋಸವಾಗಿದೆಯಲ್ಲ.

ನಿಮ್ಮ ಮೊಲವೂ ಒಂಟಿಯೇ ಎಂಬುದನ್ನು ಮರೆಯಬೇಡಿ. ಸೀನು ನಿಂತ ಮೇಲೆ ಅದಕ್ಕೂ ಸಂತಾನಹರಣವಾದ ಗಂಡು ಮೊಲವೊಂದನ್ನು ಹುಡುಕಿ. ಅದು ಜಾಲರಿಗೆ ಹಣೆ ಒಡ್ಡಿ ಕೇಳುತ್ತಿದ್ದದ್ದನ್ನು ಕೊಡಬಲ್ಲದ್ದು ಇನ್ನೊಂದು ಮೊಲ ಮಾತ್ರ. ಅಲ್ಲಿಯವರೆಗೆ ಸಂಜೆ ಸ್ವಲ್ಪ ಹೊತ್ತು ನೆಲದ ಮೇಲೆ ಕುಳಿತು ನೀವೇ ಹಣೆ ಸವರಿ; ಆಮೇಲೆ ಗಿನಿಪಿಗ್‌ನ ಕೋಣೆಗೆ ಹೋಗುವ ಮೊದಲು ಕೈ ತೊಳೆದು ಅಂಗಿ ಬದಲಾಯಿಸಿ.