34ಕ್ಕೇ ಗರ್ಭಚೀಲ ತೆಗೆಸಬೇಕಾ ಡಾಕ್ಟ್ರೇ?

ಪ್ರಶ್ನೆ (ಕಲಬುರಗಿ ಕಡೆಯ ಸದಸ್ಯೆ): ಮೇಡಂ, ನನಗ 34 ವರ್ಷ ರೀ. ಎರಡು ಮಕ್ಕಳು, ಆಪರೇಷನ್ ಆಗೇದ. ಒಂದೆರಡು ವರ್ಷದಿಂದ ಮುಟ್ಟು ಎಂಟ್ಹತ್ತು ದಿನ ನಿಲ್ಲಂಗಿಲ್ಲ. ಮೊದಲ ಮೂರು ದಿನ ತಾಸಿಗೊಂದು ಪ್ಯಾಡ್ ತೊಯ್ತದ, ಗಡ್ಡಿ ಗಡ್ಡಿ ರಕ್ತ ಬೀಳ್ತದ. ಹಿಮೋಗ್ಲೋಬಿನ್ 8.2. ಸ್ಕ್ಯಾನ್ ಮಾಡಿ 3 ಸೆಂ.ಮೀ. ಫೈಬ್ರಾಯ್ಡ್ ಅದ ಅಂದ್ರು. "ಮಕ್ಕಳಂತೂ ಆಗ್ಯಾವ, ಗರ್ಭಚೀಲ ತೆಗೆಸಿಬಿಡ್ರಿ, ಬಿಟ್ರ ಕ್ಯಾನ್ಸರ್ ಆಗ್ತದ" ಅಂತ ಡಾಕ್ಟ್ರು ಹೇಳ್ಯಾರ. ಅತ್ತಿನೂ ಹೂಂ ಅಂತಾರ, ಅವರದೂ ತೆಗೆದಾರ. ನನಗ ಮನಸ್ಸಿಲ್ಲ. ಏನ್ ಮಾಡ್ಲಿ?

ಉತ್ತರ (ಸ್ತ್ರೀರೋಗ ತಜ್ಞೆ): ತಾಯಿ, ಮೊದಲು ಕ್ಯಾನ್ಸರ್ ಭಯ ಬಿಡಿ. ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ ಗಂಟು. ನಲವತ್ತರ ಆಸುಪಾಸಿನ ಎಷ್ಟೋ ಹೆಂಗಸರಲ್ಲಿ ಇರುತ್ತದೆ, ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಅಂಥ ಗಂಟಿನಲ್ಲಿ ಕ್ಯಾನ್ಸರ್ ಸಿಗುವುದು ತೀರಾ ಅಪರೂಪ. 3 ಸೆಂ.ಮೀ. ಗಂಟಿಗಾಗಿ ಈ ವಯಸ್ಸಿನಲ್ಲಿ ಗರ್ಭಕೋಶ ತೆಗೆಸಬೇಕೆಂದು ಹೆದರಿಸುವುದು ತಪ್ಪು.

ಆದರೆ ನಿಮ್ಮ ರಕ್ತಸ್ರಾವವನ್ನು ಸಣ್ಣದು ಅನ್ನಲಾರೆ. ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30-40 ಮಿ.ಲೀ. ರಕ್ತ. 80 ದಾಟಿದರೆ ಅತಿಸ್ರಾವ. ಅಳೆದು ನೋಡಲು ಯಾರಿಂದಲೂ ಆಗದು, ಹಾಗಾಗಿ ತಾಸಿಗೊಂದು ಪ್ಯಾಡ್, ದೊಡ್ಡ ರಕ್ತದ ಗಡ್ಡೆ, ಏಳು ದಿನಕ್ಕಿಂತ ಹೆಚ್ಚು ಎನ್ನುವುದೇ ನಮ್ಮ ಅಳತೆ. ನಿಮಗೆ ಮೂರೂ ಇವೆ. ಹಿಮೋಗ್ಲೋಬಿನ್ 12 ಇರಬೇಕಿತ್ತು, 8.2 ಇದೆ. ಇದಕ್ಕೆ ಚಿಕಿತ್ಸೆ ಇವತ್ತೇ ಶುರುವಾಗಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನಿಂಬೆ ಶರಬತ್ತಿನ ಜೊತೆ ತಗೊಳ್ಳಿ, ಚಹಾದ ಜೊತೆ ಬೇಡ. ಹಿಮೋಗ್ಲೋಬಿನ್ ಏರಿದ ಮೇಲೂ ಮೂರು ತಿಂಗಳು ಬಿಡಬಾರದು. ಮಾತ್ರೆಯಿಂದ ಏರದಿದ್ದರೆ ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶ ಇದೆ.

ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ? ಥೈರಾಯ್ಡ್ ಕಡಿಮೆಯಾದರೂ ಮುಟ್ಟು ಹೀಗೇ ಹೋಗುತ್ತದೆ. ಇನ್ನು ಸ್ಕ್ಯಾನ್ ವರದಿಯಲ್ಲಿ ಗಂಟು ಎಲ್ಲಿದೆ ಅಂತ ಬರೆದಿರುತ್ತದೆ, ಅದನ್ನು ಓದಿಸಿ. ಒಳಪದರಕ್ಕೆ ಚಾಚಿಕೊಂಡ ಗಂಟು ಚಿಕ್ಕದಿದ್ದರೂ ರಕ್ತ ಹರಿಸುತ್ತದೆ, ಅದನ್ನು ಹಿಸ್ಟರೋಸ್ಕೋಪಿಯಿಂದ, ಅಂದರೆ ಯೋನಿಯ ಮೂಲಕ ಕ್ಯಾಮೆರಾ ಇರುವ ಸಣ್ಣ ನಳಿಕೆ ಹಾಕಿ, ಹೊಟ್ಟೆ ಕೊಯ್ಯದೆ ತೆಗೆಯಬಹುದು. ಹೊರಗೋಡೆಯ ಗಂಟಾದರೆ ಸ್ರಾವಕ್ಕೆ ಅದು ಕಾರಣವೇ ಅಲ್ಲದಿರಬಹುದು.

ಸ್ರಾವ ತಗ್ಗಿಸಲು ಮುಟ್ಟಿನ ದಿನಗಳಲ್ಲಿ ಮಾತ್ರ ತಗೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ ಇದೆ. ಕಾಲಿನ ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದ್ದರೆ ಅದು ಕೂಡದು, ಡಾಕ್ಟರಿಗೆ ಹೇಳಿ. ನನ್ನ ಮೊದಲ ಆಯ್ಕೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್. ಕಾಪರ್-ಟಿ ಸ್ರಾವ ಹೆಚ್ಚಿಸಿದರೆ ಇದು ತಗ್ಗಿಸುತ್ತದೆ. ಮೊದಲ ಮೂರ್ನಾಲ್ಕು ತಿಂಗಳು ಆಗಾಗ ರಕ್ತದ ಕಲೆ ಕಾಣಿಸಿ ಬೇಸರ ತರಿಸುತ್ತದೆ, ಆಗ ತೆಗೆಸಿಬಿಡಬೇಡಿ. ಮಕ್ಕಳಾಗದ ಆಪರೇಷನ್ ಆಗಿದ್ದವರಿಗೂ ಹಾಕಬಹುದು.

ಅದೇ ಸದಸ್ಯೆ: ತೆಗೆಸಿದ್ರ ಏನ್ ನಷ್ಟ ಮೇಡಂ? ಮುಟ್ಟಿನ ಕಾಟಾನೇ ತಪ್ತದ ಅಂತಾರಲ್ರೀ?

ಉತ್ತರ: "ಅಂಡಾಶಯವನ್ನೂ ತೆಗೀತೀರಾ?" ಎಂದು ತೆಗೆಸಿ ಅಂದ ಡಾಕ್ಟರನ್ನೇ ನೇರವಾಗಿ ಕೇಳಿ. ಈಸ್ಟ್ರೋಜನ್ ಬರುವುದು ಆ ಎರಡು ಅಂಡಾಶಯಗಳಿಂದ. ಅವನ್ನು ತೆಗೆದರೆ 34ಕ್ಕೇ ಮುಟ್ಟು ನಿಂತ ಹೆಂಗಸಿನ ದೇಹ ನಿಮ್ಮದಾಗುತ್ತದೆ: ಮೈ ಬಿಸಿ, ನಿದ್ದೆಗೇಡು, ಮುಂದೆ ಮೂಳೆ ಸವೆತ, ಹೃದಯರೋಗದ ಅಪಾಯ. ಉಳಿಸಿದರೂ ಗರ್ಭಕೋಶ ತೆಗೆದವರಲ್ಲಿ ಅಂಡಾಶಯ ಬೇಗ ಬಳಲುವುದುಂಟು. ನಿಮ್ಮ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ, ಅದೂ ಎಳೆ ವಯಸ್ಸಿನವರಿಗೆ, ಬಿಳಿ ಹೋಗುವುದು, ಹೊಟ್ಟೆನೋವು ಎಂಬ ಕಾರಣಕ್ಕೇ ಗರ್ಭಚೀಲ ತೆಗೆದದ್ದು 2015ರಲ್ಲಿ ಸುದ್ದಿಯಾಗಿ ತನಿಖೆ ನಡೆದಿತ್ತು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಹೊಲದಲ್ಲಿ ದುಡಿಯುವ ಹೆಣ್ಣಿನ ಮೂಳೆ ನಲವತ್ತಕ್ಕೇ ಸವೆದರೆ ಮನೆ ನಡೆಯುವುದು ಹೇಗೆ? ಇದು ನನಗೆ ಸಿಟ್ಟು ಬರಿಸುವ ವಿಷಯ.

ಔಷಧ, ಕಾಯಿಲ್ ಯಾವುದಕ್ಕೂ ಬಗ್ಗದಿದ್ದರೆ, ಗಂಟು ತುಂಬ ದೊಡ್ಡದಾಗಿ ಮೂತ್ರಕೋಶ ಒತ್ತುತ್ತಿದ್ದರೆ, ಕ್ಯಾನ್ಸರ್ ಖಚಿತವಾದರೆ ತೆಗೆಸುವುದು ಸರಿ. ಆಗ ನಾನೇ ಹೇಳುತ್ತೇನೆ.

ಇನ್ನೊಬ್ಬ ಸದಸ್ಯೆ (ಹಾಸನ): ನಂಗೆ ಬಿಳಿ ಹೋಗುತ್ತೆ, "ಗರ್ಭಕೋಶದ ಬಾಯಲ್ಲಿ ಹುಣ್ಣು" ಅಂದಿದ್ದಾರೆ. ವಯಸ್ಸು 31.

ಉತ್ತರ: ಒಂದು ಮುಟ್ಟಿಗೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ ವಾಸನೆ, ತುರಿಕೆ ಇಲ್ಲದ ಬಿಳಿ ಸ್ರಾವ ಸಹಜ. ಮೊಸರಿನಂತೆ ಒಡೆದು ತುರಿಸಿದರೆ ಶಿಲೀಂಧ್ರ, ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಾ, ಎರಡಕ್ಕೂ ಔಷಧ ಇದೆ. ಕೆಲವು ಸೋಂಕಿಗೆ ಗಂಡನೂ ಔಷಧ ತಗೊಳ್ಳಬೇಕು. ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯಬೇಡಿ. ಹುಣ್ಣು ಎಂದು ಹೇಳುವುದು ಬಹಳ ಸಲ ಒಳಗಿನ ಕೆಂಪು ಪದರ ಹೊರಗೆ ಕಾಣುವುದಷ್ಟೇ. ಆದರೆ 30 ದಾಟಿದ್ದೀರಿ, ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಒಮ್ಮೆ ಮಾಡಿಸಿಕೊಳ್ಳಿ. ಸಂಭೋಗದ ನಂತರ ರಕ್ತ ಕಂಡರೆ ಕಾಯಬೇಡಿ.

ಮತ್ತೊಬ್ಬ ಸದಸ್ಯೆ: ಅಮ್ಮನಿಗೆ 54. ಮುಟ್ಟು ನಿಂತು ಮೂರು ವರ್ಷ. ಮೊನ್ನೆ ಸ್ವಲ್ಪ ರಕ್ತ ಕಂಡಿತು, ಆಮೇಲೆ ಇಲ್ಲ. ನೋಡೋಣ ಅಂತಿದ್ದಾರೆ.

ಉತ್ತರ: ನೋಡುವುದು ಬೇಡ. ಒಂದೇ ಹನಿಯಾದರೂ ಈ ವಾರವೇ ತೋರಿಸಿ. ಸ್ಕ್ಯಾನ್ ಮಾಡಿ ಒಳಪದರದ ದಪ್ಪ ನೋಡುತ್ತಾರೆ, ಬೇಕಾದರೆ ಬಯಾಪ್ಸಿ, ಅಂದರೆ ಆ ಪದರದ ಚೂರು ತೆಗೆದು ಪರೀಕ್ಷೆ. ಹೆಚ್ಚಿನವರಲ್ಲಿ ಕಾರಣ ಸಾಧಾರಣವೇ ಇರುತ್ತದೆ, ಆದರೆ ಒಳಪದರದ ಕ್ಯಾನ್ಸರ್ ಇದ್ದರೆ ಅದರ ಮೊದಲ ಸೂಚನೆಯೂ ಇದೇ.

ಮೊದಲ ಸದಸ್ಯೆ: ಶುಕ್ರವಾರ ಜಿಲ್ಲಾ ಆಸ್ಪತ್ರೆಗೆ ಹೊಂಟೀನಿ ಮೇಡಂ. ಏನೇನ್ ಒಯ್ಯಲಿ?

ಉತ್ತರ: ಸ್ಕ್ಯಾನ್ ವರದಿ, ರಕ್ತದ ವರದಿ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ. ಕಳೆದ ಮೂರು ಮುಟ್ಟು ಯಾವಾಗ ಶುರುವಾಯಿತು, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಥೈರಾಯ್ಡ್ ಪರೀಕ್ಷೆ ಅಲ್ಲೇ ಕೇಳಿ. ಅಷ್ಟರೊಳಗೆ ತಲೆ ಸುತ್ತಿದರೆ, ಎದೆ ಹೊಡೆದುಕೊಂಡರೆ ಶುಕ್ರವಾರದ ತನಕ ಕಾಯದೆ ಹೋಗಿ.