ನಾರಾಯಣ ಗುರುಗಳು ತಾವೇ ಕಟ್ಟಿದ ಎಸ್‌ಎನ್‌ಡಿಪಿ ಯೋಗ ಎಂಬ ಸಂಘವನ್ನು ಬಿಟ್ಟಿದ್ದರಂತೆ, ಹೌದಾ?

ಮುಲ್ಕಿ–ಮುಲುಂಡ್:

ಎಲ್ಲರಿಗೂ ನಮಸ್ಕಾರ. ಊರು ಮುಲ್ಕಿ ಹತ್ತಿರ, ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಈ ಸಲದ ಗುರು ಜಯಂತಿಗೆ ನಮ್ಮ ಬಿಲ್ಲವ ಸಂಘದವರು ನನ್ನನ್ನು ಹತ್ತು ನಿಮಿಷ ಮಾತಾಡಲಿಕ್ಕೆ ಹಾಕಿದ್ದಾರೆ. ಪ್ರತಿವರ್ಷ ಕೇಳುವುದು ಒಂದೇ: ಕೇರಳದ ಚೆಂಬಳಂದಿಯಲ್ಲಿ ಹುಟ್ಟಿದರು, ಅರುವಿಪ್ಪುರದಲ್ಲಿ ಹೊಳೆಗೆ ಮುಳುಗಿ ಕಲ್ಲು ತೆಗೆದು ಶಿವನ ಪ್ರತಿಷ್ಠೆ ಮಾಡಿದರು, ಮಂಗಳೂರಿನ ಕುದ್ರೋಳಿಗೆ ಬಂದರು, ಒಂದೇ ಜಾತಿ ಒಂದೇ ಮತ ಒಬ್ಬನೇ ದೇವರು. ಅಷ್ಟರಲ್ಲಿ ಊಟಕ್ಕೆ ಕರೆಯುತ್ತಾರೆ.

ಆಫೀಸಿನಲ್ಲಿ ಕೊಲ್ಲಂ ಕಡೆಯ ಮಲಯಾಳಿ ಒಬ್ಬರಿದ್ದಾರೆ. ಭಾಷಣದ ವಿಷಯ ಹೇಳಿದ ಕೂಡಲೇ ನಕ್ಕರು. "ಎಸ್‌ಎನ್‌ಡಿಪಿ ಯೋಗವನ್ನು ಗುರುಗಳೇ ಬಿಟ್ಟದ್ದು ನಿಮ್ಮವರಿಗೆ ಗೊತ್ತುಂಟಾ?" ಅಂದರು. ನನಗಂತೂ ಗೊತ್ತಿರಲಿಲ್ಲ. ನಿಜವಾ? ನಿಜವಾದರೆ ಬಿಟ್ಟದ್ದು ಯಾಕೆ?

ಇನ್ನೊಂದು ಸಂಶಯ. ನನ್ನ ಅಜ್ಜ ಕಳ್ಳು ಇಳಿಸುವ ಮೂರ್ತೆಯವರು, ತಾಳೆ ಮರ ಹತ್ತಿಯೇ ಅಪ್ಪನನ್ನು ಓದಿಸಿದ್ದು. ಕಳ್ಳಿನ ಬಗ್ಗೆ ಗುರುಗಳು ತುಂಬ ಕಠಿಣವಾಗಿ ಮಾತಾಡಿದ್ದರು ಅಂತ ಕೇಳಿದ್ದೇನೆ. ಅದೇ ಕಸುಬಿನವರ ನಡುವೆ ನಿಂತು ಹಾಗೆ ಹೇಳಿ ದಕ್ಕಿಸಿಕೊಂಡದ್ದು ಹೇಗೆ?

ಹಳೆಯಂಗಡಿ ಅಣ್ಣ:

ಜಯಂತಿ ದಿನ ಇದೆಲ್ಲ ಬೇಕಾ ಮಾರಾಯ್ರೆ? ಜನ ಭಕ್ತಿಯಿಂದ ಬಂದಿರುತ್ತಾರೆ, ಹಿರಿಯರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅರುವಿಪ್ಪುರದ ಕಥೆಯನ್ನೇ ಚಂದ ಮಾಡಿ ಹೇಳಿ, ಸಾಕು. ಬಿಟ್ಟರು ಹೋದರು ಅಂತೆಲ್ಲ ತೆಗೆದರೆ ಕೊನೆಗೆ ಸಂಘದೊಳಗೇ ಗಲಾಟೆ ಆಗುವುದು.

ಉರ್ವದ ಟೀಚರ್:

ಹೌದು ತಮ್ಮ, ಬಿಟ್ಟದ್ದು ನಿಜ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ, ಅಚ್ಚಾದ ಪತ್ರವೇ ಉಂಟು.

1916ರ ಮೇ 22ರಂದು ಗುರುಗಳು ಡಾ. ಪಲ್ಪು ಅವರಿಗೆ ಬರೆದ ನಾಲ್ಕೈದು ಸಾಲಿನ ಪತ್ರ ಅದು. ಯೋಗದ ನಿರ್ಣಯಗಳೆಲ್ಲ ನಮಗೆ ತಿಳಿಯದೆ ಪಾಸಾಗುತ್ತಿವೆ, ನಮ್ಮ ಕೆಲಸಗಳಿಗೆ ಯೋಗದಿಂದ ಏನೂ ಒತ್ತಾಸೆಯಿಲ್ಲ, ಯೋಗಕ್ಕೆ ಜಾತ್ಯಭಿಮಾನ ಹೆಚ್ಚುತ್ತಿದೆ; ಮನಸ್ಸಿನಿಂದ ಮೊದಲೇ ಬಿಟ್ಟಾಗಿತ್ತು, ಈಗ ಮಾತಿನಿಂದಲೂ ಕೃತಿಯಿಂದಲೂ ಬಿಟ್ಟಿದ್ದೇವೆ. ಇಷ್ಟೇ ಅದರ ಸಾರ. ಬೈಗುಳವಿಲ್ಲ, ಗೋಳೂ ಇಲ್ಲ.

ಈ ಪತ್ರದ ತೂಕ ಗೊತ್ತಾಗಬೇಕಾದರೆ ಅದು ಯಾರ ಕೈಗೆ ಹೋಯಿತು ಎಂದು ನೋಡಬೇಕು. ಪಲ್ಪು ಈಳವರು, ಅಂದರೆ ಕೇರಳದ ಕಳ್ಳಿನ ಕಸುಬಿನ ಸಮುದಾಯದವರು, ಗುರುಗಳು ಹುಟ್ಟಿದ್ದೂ ಅದರಲ್ಲೇ. ತಿರುವಾಂಕೂರಿನಲ್ಲಿ ವೈದ್ಯಕೀಯ ಓದಿಗೆ ಪರೀಕ್ಷೆ ಪಾಸಾದರೂ ಜಾತಿ ನೋಡಿ ಸೀಟು ಕೊಡಲಿಲ್ಲ. ಮದ್ರಾಸಿಗೆ ಹೋಗಿ ಡಾಕ್ಟರಾಗಿ ಬಂದರೆ ಊರಿನ ಸರಕಾರ ಕೆಲಸವನ್ನೂ ಕೊಡಲಿಲ್ಲ. ಕರೆದು ಕೆಲಸ ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ. 1898ರ ಪ್ಲೇಗಿನಲ್ಲಿ ಬೆಂಗಳೂರಿನಲ್ಲಿ ಜೀವದ ಹಂಗು ಬಿಟ್ಟು ದುಡಿದವರು. 1896ರಲ್ಲಿ 13,176 ಜನರ ಸಹಿ ಹಾಕಿಸಿ ಈಳವರಿಗೆ ಶಾಲೆ, ಸರಕಾರಿ ಕೆಲಸ ಬೇಕೆಂದು ತಿರುವಾಂಕೂರಿನ ಮಹಾರಾಜರಿಗೆ ಮನವಿ ಕೊಡಿಸಿದ್ದೂ ಇವರೇ. ಮನವಿಯಿಂದ ಆಗದ್ದು ಸಂಘಟನೆಯಿಂದ ಆದೀತು ಎಂದು ಗುರುಗಳನ್ನು ಮುಂದಿಟ್ಟುಕೊಂಡು ಓಡಾಡಿದರು. ಅರುವಿಪ್ಪುರದ ದೇವಸ್ಥಾನದ ಸಣ್ಣ ಕೂಟವೇ 1903ರ ಮೇ 15ಕ್ಕೆ ಶ್ರೀ ನಾರಾಯಣ ಧರ್ಮ ಪರಿಪಾಲನ (ಎಸ್‌ಎನ್‌ಡಿಪಿ) ಯೋಗವಾಗಿ ನೋಂದಣಿಯಾಯಿತು. ಗುರುಗಳು ಅಧ್ಯಕ್ಷರು, ಕುಮಾರನ್ ಆಶಾನ್ ಕಾರ್ಯದರ್ಶಿ.

ಆಶಾನ್ ಅಂದರೆ ಮಲಯಾಳದ ಮಹಾಕವಿ, ಗುರುಗಳ ಮುದ್ದಿನ ಶಿಷ್ಯ. ಅವರೂ ಬೆಂಗಳೂರಿನಲ್ಲಿ ಪಲ್ಪು ಮನೆಯಲ್ಲಿದ್ದುಕೊಂಡು ಸಂಸ್ಕೃತ ಓದಿದವರು. ಹದಿನಾರು ವರ್ಷ ಯೋಗದ ಕಾರ್ಯದರ್ಶಿಯಾಗಿದ್ದರು. 1916 ಬಂದದ್ದು ಆ ಹದಿನಾರು ವರ್ಷದೊಳಗೇ. ಅಂದರೆ ಗುರುಗಳು ಕೈಬಿಟ್ಟದ್ದು ಪರರು ಬಂದು ಕೆಡಿಸಿದ ಸಂಘವನ್ನಲ್ಲ. ತನ್ನವರೇ, ಒಳ್ಳೆಯವರೇ, ಓದಿದವರೇ ನಡೆಸುತ್ತಿದ್ದ ಸಂಘ ಅದು. ಸೀಟು, ನೌಕರಿ ಎಂದು ಅವರು ಹೋರಾಡಿದ್ದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ, ಯಾರಾದರೂ ಹೋರಾಡಲೇ ಬೇಕಿತ್ತು. ಆದರೆ ಜಾತಿಯಿಂದ ಬಿಡಿಸಿಕೊಳ್ಳಲು ಸೇರಿದವರು ಜಾತಿಯನ್ನೇ ಹೆಮ್ಮೆ ಮಾಡಿಕೊಂಡರೆ ಆ ಕೂಟದಲ್ಲಿ ತನಗೇನು ಕೆಲಸ ಎಂಬುದು ಗುರುಗಳ ಪ್ರಶ್ನೆ. ಅದೇ ವರ್ಷ ಆಲುವಾದ ಅದ್ವೈತಾಶ್ರಮದಿಂದ ಒಂದು ಪ್ರಕಟಣೆಯನ್ನೂ ಹೊರಡಿಸಿದರು: ನಾವು ಜಾತಿಮತಗಳನ್ನು ಬಿಟ್ಟು ಕೆಲವು ವರ್ಷಗಳಾದವು, ಆದರೂ ಕೆಲವರು ನಮ್ಮನ್ನು ಒಂದು ವರ್ಗಕ್ಕೆ ಸೇರಿದವರೆಂದು ಎಣಿಸುತ್ತಿದ್ದಾರೆ, ನಾವು ಯಾವ ಜಾತಿಗೂ ಮತಕ್ಕೂ ಸೇರಿದವರಲ್ಲ ಅಂತ. (ನಮ್ಮ ಬ್ಯಾನರುಗಳಲ್ಲಿ ಇದನ್ನು ಬರೆಸಿದವರನ್ನು ನಾನು ಕಂಡಿಲ್ಲ. ಮೂಲೆಯಲ್ಲಿ ಅಂಗೈಯಗಲ ಗುರು, ನಡುವೆ ಆಳೆತ್ತರ ಶಾಸಕರು.)

ಹಾಗಂತ ಮುನಿಸಿಕೊಂಡು ಬಾಗಿಲು ಹಾಕಿಕೊಂಡರು ಎಂದು ತಿಳಿಯಬೇಡ. 1927ರಲ್ಲಿ ಪಳ್ಳಾತುರುತ್ತಿಯಲ್ಲಿ ನಡೆದ ಯೋಗದ ಸಮ್ಮೇಳನಕ್ಕೆ ಹೋಗಿದ್ದಾರೆ. ಒಂದು ಗುಂಪಿನವರನ್ನು ಮಾತ್ರ ಸೇರಿಸಿ ಇನ್ನೊಂದು ಜಾತಿ ಕಟ್ಟುವುದು ಸಂಘಟನೆಯ ಉದ್ದೇಶ ಆಗಬಾರದು ಎಂದು ಅಲ್ಲೂ ಅದನ್ನೇ ಹೇಳಿದ್ದು. ಮರುವರ್ಷ ಸೆಪ್ಟೆಂಬರ್ 20ಕ್ಕೆ ವರ್ಕಲದ ಶಿವಗಿರಿಯ ತಮ್ಮ ಮಠದಲ್ಲಿ ಸಮಾಧಿ.

ಹಳೆಯಂಗಡಿಯವರೇ, ನಿಮ್ಮ ಮಾತಿಗೆ ನನ್ನ ತಕರಾರು ಉಂಟು. ಅರುವಿಪ್ಪುರ ಆದದ್ದು 1888ರ ಶಿವರಾತ್ರಿ. ಆಗ ಗುರುಗಳಿಗೆ ಮೂವತ್ತು ದಾಟಿತ್ತಷ್ಟೆ. ಆಮೇಲೆ ನಲ್ವತ್ತು ವರ್ಷ ಬದುಕಿದ್ದರು. ನಮ್ಮ ಭಾಷಣಗಳಲ್ಲಿ ಮಾತ್ರ ಅವರು ಕಲ್ಲು ತೆಗೆದ ಆ ನೆಯ್ಯಾರ್ ಹೊಳೆಯಿಂದ ಮೇಲೇ ಬರುವುದಿಲ್ಲ!

ಆ ನಲ್ವತ್ತು ವರ್ಷದಲ್ಲಿ ಏನಾಯಿತು ಎಂದು ನೋಡು. ಕಲ್ಲಿನಿಂದ ಸುರು. 1912ರಲ್ಲಿ ನಮ್ಮ ಕುದ್ರೋಳಿ. ನಮ್ಮವರನ್ನು ದೇವಸ್ಥಾನದೊಳಗೆ ಬಿಡುತ್ತಿರಲಿಲ್ಲ ಎಂದು ಹೊಯ್ಗೆಬಜಾರ್ ಕೊರಗಪ್ಪನವರು ಹೋಗಿ ಗುರುಗಳನ್ನು ಕರೆತಂದದ್ದು, ಶಿವಲಿಂಗವನ್ನೇ ಕೊಟ್ಟರು. ಅದೇ 1912ರಲ್ಲಿ ಶಿವಗಿರಿಯಲ್ಲಿ ಶಾರದೆ, ಆದರೆ ಅಲ್ಲಿ ಅಭಿಷೇಕವಿಲ್ಲ, ನೈವೇದ್ಯವಿಲ್ಲ, ಗರ್ಭಗುಡಿಯ ಕತ್ತಲೂ ಇಲ್ಲ. ಸುತ್ತ ಕಿಟಕಿ, ಬೆಳಕು. 1917ಕ್ಕೆ ಬರುವಾಗ ಇನ್ನು ದೇವಸ್ಥಾನ ಕಟ್ಟಲು ಉತ್ತೇಜನ ಬೇಡ, ಮುಖ್ಯ ದೇವಾಲಯ ವಿದ್ಯಾಲಯವೇ ಆಗಬೇಕು ಎಂದರು. ಬೇಡ ಎಂದರೂ ಜನ ಕೇಳಲಿಕ್ಕಿಲ್ಲ, ಹಟ ಮಾಡಿದರೆ ಸಣ್ಣದೊಂದು ಕಟ್ಟಿಕೊಳ್ಳಲಿ ಎಂದೂ ಸೇರಿಸಿದರು. ಜನರ ನಾಡಿ ಬಲ್ಲವರು! ಆಮೇಲೆ ಕಾರಮುಕ್ಕಿನಲ್ಲಿ ವಿಗ್ರಹದ ಬದಲು ದೀಪ. ಮುರುಕ್ಕುಂಪುಳದಲ್ಲಿ ಓಂ ಎಂದೂ ಸತ್ಯ, ಧರ್ಮ, ದಯೆ, ಶಾಂತಿ ಎಂದೂ ಬರೆದ ಫಲಕ. 1927ರಲ್ಲಿ ಚೇರ್ತಲ ಕಡೆಯ ಕಳವಂಕೋಡದಲ್ಲಿ ಕನ್ನಡಿ. ಕಲ್ಲು ಇಟ್ಟವರೇ ಕಲ್ಲು ಬಿಟ್ಟರು, ಯೋಗ ಕಟ್ಟಿದವರೇ ಯೋಗ ಬಿಟ್ಟರು. ಎರಡನ್ನೂ ಒಟ್ಟಿಗೆ ಹೇಳಿದರೆ ಮುಂದಿನ ಸಾಲಿನ ಹಿರಿಯರಿಗೂ ಸಿಟ್ಟು ಬರಲಿಕ್ಕಿಲ್ಲ. ಬಂದರೆ ಬರಲಿ.

ಬೆಳ್ತಂಗಡಿ ಮೂರ್ತೆ ಮನೆ:

ಕಳ್ಳಿನ ವಿಷಯ ಯಾರೂ ಮುಟ್ಟಲಿಲ್ಲವಲ್ಲ, ನಾನು ಹೇಳುತ್ತೇನೆ. ನಮ್ಮಜ್ಜನೂ ಮರ ಹತ್ತಿದವರೇ.

"ಮದ್ಯ ವಿಷ, ಅದನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದು." ಇಷ್ಟು ಎಲ್ಲರಿಗೂ ಗೊತ್ತು. ಅದರ ಮುಂದಿನದ್ದೇ ಚುಚ್ಚುವುದು. ಕಳ್ಳು ಇಳಿಸುವವನ ಮೈ ನಾರುತ್ತದೆ, ಬಟ್ಟೆ ನಾರುತ್ತದೆ, ಮನೆ ನಾರುತ್ತದೆ, ಅವನು ಮುಟ್ಟಿದ್ದೆಲ್ಲ ನಾರುತ್ತದೆ ಎಂದಿದ್ದಾರೆ. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂತು. ಮಳೆಗಾಲದಲ್ಲಿ ಜಾರುವ ಮರಕ್ಕೆ ದಿನಕ್ಕೆ ಎರಡು ಹೊತ್ತು ಹತ್ತಿಳಿಯುವವನಿಗೆ ಹೇಳುವ ಮಾತಾ ಇದು? ಮರ ಧಣಿಗಳದ್ದು, ಕಳ್ಳು ಮಾರುವ ಗಡಂಗು ಗುತ್ತಿಗೆದಾರನದ್ದು, ನಮ್ಮಜ್ಜನದ್ದು ಅಂತ ಇದ್ದದ್ದು ಕತ್ತಿ ಮತ್ತು ಕಾಲಿನ ತಳೆ. ಬಿಟ್ಟು ಎಲ್ಲಿಗೆ ಹೋಗಬೇಕಿತ್ತು? ಭೂಸುಧಾರಣೆ ಬಂದು ಗೇಣಿ ಜಾಗ ನಮ್ಮ ಹೆಸರಿಗೆ ಆದ ಮೇಲೆಯೇ ನಮ್ಮ ಮನೆಯಲ್ಲಿ ಮೂರ್ತೆ ನಿಂತದ್ದು, ಉಪದೇಶ ಕೇಳಿ ಅಲ್ಲ. ಇದನ್ನೂ ವೇದಿಕೆಯಲ್ಲಿ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಉರ್ವದ ಟೀಚರ್:

ಬೆಳ್ತಂಗಡಿಯವರೇ, ನಿಮ್ಮ ಸಿಟ್ಟು ನ್ಯಾಯದ್ದೇ. ಆ ಮಾತು ನಯವಾಗಿತ್ತು ಎಂದು ನಾನೂ ಹೇಳುವುದಿಲ್ಲ. ಇನ್ನೊಂದು ಮಾತೂ ಅವರದ್ದೆಂದು ಕೇರಳದಲ್ಲಿ ಹೇಳುತ್ತಾರೆ: ಕಳ್ಳಿನ ಕತ್ತಿಯೊಂದನ್ನು ತುಂಡರಿಸಿದರೆ ನಾಲ್ಕು ಕ್ಷೌರದ ಕತ್ತಿ ಆಗುತ್ತದೆ, ಅದರಲ್ಲಿ ಬದುಕುವುದೇ ಮೇಲು. ಕ್ಷೌರವನ್ನು ಕೀಳು ಎಂದೆಣಿಸಿದ ಕಾಲದಲ್ಲಿ ಆಡಿದ ಮಾತು, ಅದನ್ನು ಮರೆಯಬಾರದು.

ಬಿಟ್ಟು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಅವರ ಮುಂದೆ ಇರಲೇ ಇಲ್ಲ ಎಂದು ಮಾತ್ರ ಹೇಳಬೇಡಿ. 1905ರಲ್ಲೇ ಯೋಗದವರು ಕೊಲ್ಲಂನಲ್ಲಿ ಕೈಗಾರಿಕಾ ಪ್ರದರ್ಶನ ಮಾಡಿದ್ದರು. 1928ರ ಜನವರಿಯಲ್ಲಿ ಕೋಟ್ಟಯಂನ ನಾಗಂಪಡದಲ್ಲಿ ಶಿವಗಿರಿ ಯಾತ್ರೆಗೆ ಅಪ್ಪಣೆ ಕೇಳಲು ಹೋದವರಿಗೆ, ಸುಮ್ಮನೆ ಬಂದು ಸುತ್ತು ಹಾಕಿ ಹೋದರೆ ಪ್ರಯೋಜನವಿಲ್ಲ ಎಂದು ಎಂಟು ವಿಷಯ ಕೊಟ್ಟರು. ವಿದ್ಯೆ, ಶುಚಿತ್ವ, ದೈವಭಕ್ತಿ, ಸಂಘಟನೆ. ಮತ್ತೆ ಕೃಷಿ, ವ್ಯಾಪಾರ, ಕೈಕಸುಬು, ತಾಂತ್ರಿಕ ತರಬೇತಿ. ಬಲ್ಲವರನ್ನು ಕರೆಸಿ ಭಾಷಣ ಮಾಡಿಸಿ, ಕೇಳಿದ್ದನ್ನು ಊರಿಗೆ ಹೋಗಿ ಮಾಡಿ ಎಂದರು. ಬಟ್ಟೆ ಹಳದಿ ಇರಲಿ, ಆದರೆ ಹಳದಿ ರೇಷ್ಮೆ ಕೊಳ್ಳಲು ಓಡಬೇಡಿ, ಇರುವ ಬಿಳಿ ಬಟ್ಟೆಯನ್ನೇ ಅರಿಸಿನದಲ್ಲಿ ಅದ್ದಿಕೊಳ್ಳಿ ಎಂದೂ ಹೇಳಿದರು. ಖರ್ಚಿನ ಲೆಕ್ಕವನ್ನು ಇಷ್ಟು ಹತ್ತಿರದಿಂದ ನೋಡಿದ ಸನ್ಯಾಸಿಗಳು ಕಡಿಮೆ. ಚಿಕ್ಕ ಹೆಣ್ಣುಮಕ್ಕಳಿಗೆ ಹೆಸರಿಗಷ್ಟೇ ತಾಳಿ ಕಟ್ಟಿಸುವ ತಾಳಿಕೆಟ್ಟು ಕಲ್ಯಾಣ ಎಂದು ಮನೆ ಮುಳುಗಿಸಿಕೊಳ್ಳುತ್ತಿದ್ದ ಶಾಸ್ತ್ರವನ್ನು ನಿಲ್ಲಿಸಿದ್ದೂ ಇದೇ ಲೆಕ್ಕದಿಂದ.

ಆದರೂ ಭೂಮಿ ಸಿಕ್ಕಿದ ಮೇಲೆಯೇ ಮೂರ್ತೆ ನಿಂತದ್ದು ಎಂಬ ನಿಮ್ಮ ಮಾತನ್ನು ತಮ್ಮ ಭಾಷಣಕ್ಕೆ ಹಾಕಿಕೊಳ್ಳಲಿ, ಹಾಕಲೇಬೇಕು.

ಹಳೆಯಂಗಡಿ ಅಣ್ಣ:

ಟೀಚರ್, ಆ 1916ರ ಪತ್ರ ಕನ್ನಡದಲ್ಲಿ ಎಲ್ಲಿಯಾದರೂ ಇದ್ದರೆ ನನಗೂ ಕಳಿಸಿ. ಗಲಾಟೆ ಆಗುವುದು ಗ್ಯಾರಂಟಿ, ಅದರಲ್ಲಿ ನನ್ನ ಮಾತು ಬದಲಿಲ್ಲ.

ಮುಲ್ಕಿ–ಮುಲುಂಡ್:

ತುಂಬ ಉಪಕಾರ ಆಯ್ತು. ಅರುವಿಪ್ಪುರಕ್ಕೆ ಎರಡು ನಿಮಿಷ, ಉಳಿದದ್ದು ಪಲ್ಪು, ಪತ್ರ, ಕನ್ನಡಿ, ಕಳ್ಳು ಎಂದು ಹಂಚಿಕೊಂಡಿದ್ದೇನೆ. ಬೆಳ್ತಂಗಡಿ ಅಣ್ಣ, ನಿಮ್ಮ ಅಜ್ಜನ ಮಾತು ಹೇಳುವಾಗ ನನ್ನ ಅಜ್ಜನನ್ನೂ ಸೇರಿಸುತ್ತೇನೆ. ಟೀಚರ್, ಅಪ್ಪ ಒಮ್ಮೆ ಶಿವಗಿರಿ ನೋಡಬೇಕು ಅನ್ನುತ್ತಿದ್ದಾರೆ, ಯಾವಾಗ ಹೋದರೆ ಒಳ್ಳೆಯದು?

ಉರ್ವದ ಟೀಚರ್:

ಯಾತ್ರೆ ಡಿಸೆಂಬರ್ 30ರಿಂದ ಜನವರಿ 1ರ ತನಕ. ಅಪ್ಪನಿಗೆ ವಯಸ್ಸಾಗಿದ್ದರೆ ಆ ಮೂರು ದಿನ ಬೇಡ, ನೂಕುನುಗ್ಗಲು. ಮಳೆ ಬಿಟ್ಟ ಮೇಲೆ ಯಾವಾಗ ಬೇಕಾದರೂ ಹೋಗಿ. ಕುರ್ಲಾದಿಂದ ನೇತ್ರಾವತಿ ಹತ್ತಿದರೆ ವರ್ಕಲ ಶಿವಗಿರಿ ಸ್ಟೇಷನ್ನಿನಲ್ಲೇ ಇಳಿಯಬಹುದು, ಮಠ ಅಲ್ಲಿಂದ ಹತ್ತಿರ, ರಿಕ್ಷಾ ಸಿಗುತ್ತದೆ. ಸಮಾಧಿ ಗುಡ್ಡದ ಮೇಲೆ, ಮೆಟ್ಟಿಲು ಉಂಟು. ಶಾರದಾ ಮಠ ಕೆಳಗೇ ಇದೆ, ಅಪ್ಪನನ್ನು ಮೊದಲು ಅಲ್ಲಿ ಕೂರಿಸಿ.