ತೂಕ ನೋಡಿ ವಿಮಾನದ ಟಿಕೆಟ್? ಲೋಡ್ ಕಂಟ್ರೋಲ್‌ನವರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ (ದಾವಣಗೆರೆಯ ಸದಸ್ಯೆ):

ಸರ್, ನಮಸ್ಕಾರ. ಅಮ್ಮನನ್ನು ಕೇದಾರನಾಥಕ್ಕೆ ಕರೆದುಕೊಂಡು ಹೋಗೋಣ ಅಂತ ಹೆಲಿಕಾಪ್ಟರ್ ಬುಕಿಂಗ್ ನೋಡುತ್ತಿದ್ದೆ. 80 ಕೆಜಿ ದಾಟಿದರೆ ಕೆಜಿ ಲೆಕ್ಕದಲ್ಲಿ ಹೆಚ್ಚುವರಿ ದುಡ್ಡು ಕೊಡಬೇಕು ಅಂತ ಇದೆ. ಅಮ್ಮನಿಗೆ ಥೈರಾಯ್ಡ್ ಇದೆ, ತೂಕ 86 ಕೆಜಿ. ಮಂಡಿ ನೋವು, ಬೆಟ್ಟ ಹತ್ತೋಕೆ ಆಗಲ್ಲ ಅಂತಲೇ ಹೆಲಿಕಾಪ್ಟರ್. ಅದನ್ನು ಓದಿ ಅವರು ಬೇಜಾರು ಮಾಡಿಕೊಂಡು, ನಾನು ಬರಲ್ಲ ಬಿಡು ಅಂದುಬಿಟ್ಟರು. ಇನ್ನು ಮುಂದೆ ಎಲ್ಲ ವಿಮಾನದಲ್ಲೂ ಹೀಗೇ ತೂಕ ಹಾಕಿ ಟಿಕೆಟ್ ಕೊಡ್ತಾರೆ, ನ್ಯೂಜಿಲೆಂಡ್‌ನಲ್ಲಿ ಶುರುವಾಗಿದೆ ಅಂತ ವಾಟ್ಸಾಪ್‌ನಲ್ಲೂ ಓಡಾಡುತ್ತಿದೆ. ನಿಜಾನಾ? ಇದು ಸರಿಯಾ?

ಉತ್ತರ (ಲೋಡ್ ಕಂಟ್ರೋಲರ್, ಅಂದರೆ ವಿಮಾನದ ಭಾರದ ಲೆಕ್ಕ ನೋಡುವವರು, ಬೆಂಗಳೂರು):

ಮೇಡಂ, ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ಅಲ್ಲಿ ತೂಕ ಕೇಳುವುದು ಯಾರನ್ನೂ ಅವಮಾನ ಮಾಡೋಕಲ್ಲ. ಕೇದಾರನಾಥ ಇರುವುದು ಮೂರೂವರೆ ಸಾವಿರ ಮೀಟರ್‌ಗಿಂತ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ರೆಕ್ಕೆ ಎಷ್ಟೇ ತಿರುಗಿದರೂ ಕೆಳಗಿನಷ್ಟು ಭಾರ ಎತ್ತಲಾರದು. ಐದಾರು ಜನ ಕೂರುವ ಹೆಲಿಕಾಪ್ಟರ್‌ನಲ್ಲಿ ಒಬ್ಬೊಬ್ಬರು ಐದು ಕೆಜಿ ಜಾಸ್ತಿ ಇದ್ದರೂ ಒಂದು ಸೀಟು ಖಾಲಿ ಬಿಟ್ಟು ಹಾರಬೇಕಾಗಬಹುದು. ದುಡ್ಡು ಕೇಳುವುದಕ್ಕೆ ಅದೇ ಕಾರಣ. ಅಲ್ಲಿಯ ಮಟ್ಟಿಗೆ ನಾನು ಅದನ್ನು ತಪ್ಪು ಅನ್ನುವುದಿಲ್ಲ. ನಿಜವಾದ ತೂಕವನ್ನೇ ಬರೆಸಿ. ಕಡಿಮೆ ಹೇಳಿದರೆ ಅಮ್ಮನಿಗೂ ಅಪಾಯ, ಜೊತೆಗಿದ್ದವರಿಗೂ ಅಪಾಯ.

ನ್ಯೂಜಿಲೆಂಡ್ ಸುದ್ದಿ ಅರ್ಧ ನಿಜ. 2023ರಲ್ಲಿ ಏರ್ ನ್ಯೂಜಿಲೆಂಡ್‌ನವರು ಆಕ್ಲೆಂಡ್‌ನಿಂದ ಬೇರೆ ದೇಶಕ್ಕೆ ಹೊರಟ ಪ್ರಯಾಣಿಕರಲ್ಲಿ 10,000 ಜನರ ತೂಕ ತೆಗೆದುಕೊಳ್ಳಲು ಹೊರಟರು. ಇಷ್ಟ ಇದ್ದವರು ಮಾತ್ರ ನಿಂತರು. ಅಂಕಿ ಯಾರಿಗೂ ಕಾಣದ ಹಾಗೆ ತೂಕದ ಯಂತ್ರ ಇಟ್ಟಿದ್ದರು, ಹೆಸರೂ ಬರೆದುಕೊಳ್ಳಲಿಲ್ಲ. 2024ರ ಫೆಬ್ರವರಿಯಲ್ಲಿ ಫಿನ್‌ಏರ್ ಕೂಡ ಹೆಲ್ಸಿಂಕಿಯಲ್ಲಿ ಇದನ್ನೇ ಮಾಡಿತು. ಎರಡು ಕಡೆಯೂ ಟಿಕೆಟ್ ದರಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬೇಕಿದ್ದದ್ದು ಸರಾಸರಿ ತೂಕ.

ಮರುಪ್ರಶ್ನೆ (ಧಾರವಾಡದ ವಿದ್ಯಾರ್ಥಿ):

ಸರಾಸರಿ ಯಾಕೆ ಸರ್? ವಿಮಾನ ಹೊರಡುವ ಮುಂಚೆ ನಿಜವಾದ ತೂಕ ಗೊತ್ತಿರಲ್ವಾ?

ಉತ್ತರ:

ಇಲ್ಲ ತಮ್ಮಾ. ದೊಡ್ಡ ವಿಮಾನದಲ್ಲಿ ಯಾರ ತೂಕವೂ ನಮಗೆ ಗೊತ್ತಿರುವುದಿಲ್ಲ. ಲಗೇಜನ್ನು ತೂಕ ಹಾಕುತ್ತೇವೆ. ಜನರನ್ನು ಎಣಿಸುತ್ತೇವೆ, ಅಷ್ಟೇ. ದೊಡ್ಡವರು ಇಷ್ಟು, ಮಕ್ಕಳು ಇಷ್ಟು, ಕೈಗೂಸು ಇಷ್ಟು ಅಂತ ಲೋಡ್ ಶೀಟ್‌ನಲ್ಲಿ, ಅಂದರೆ ಭಾರದ ಲೆಕ್ಕದ ಹಾಳೆಯಲ್ಲಿ ಹಾಕಿ, ಒಬ್ಬೊಬ್ಬರಿಗೆ ನಿಗದಿಯಾದ ತೂಕದಿಂದ ಗುಣಿಸುತ್ತೇವೆ. ಯುರೋಪಿನ ನಿಯಮದಲ್ಲಿ ದೊಡ್ಡ ವಿಮಾನಗಳಿಗೆ ಕೈಚೀಲ ಸೇರಿ ಒಬ್ಬ ವಯಸ್ಕರಿಗೆ 84 ಕೆಜಿ. ಗಂಡಸು ಹೆಂಗಸು ಬೇರೆ ಮಾಡಿದರೆ 88 ಮತ್ತು 70. ನೂರೆಂಬತ್ತು ಜನ ಕೂತಾಗ ಒಬ್ಬರು ಜಾಸ್ತಿ, ಒಬ್ಬರು ಕಡಿಮೆ, ಒಟ್ಟಿನಲ್ಲಿ ಲೆಕ್ಕ ಸರಿಹೋಗುತ್ತದೆ.

ಒಟ್ಟು ಭಾರದಷ್ಟೇ ಮುಖ್ಯ, ಆ ಭಾರ ಎಲ್ಲಿ ಕೂತಿದೆ ಅನ್ನುವುದು. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದು ಗೊತ್ತು. ಹಿಂಭಾರ ಆದರೆ ನೊಗ ಮೇಲೇಳುತ್ತದೆ, ಮುಂಭಾರ ಆದರೆ ಎತ್ತಿನ ಕುತ್ತಿಗೆ ಮೇಲೆ ಬೀಳುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆ ಹೋಗುವ ಎಟಿಆರ್ ವಿಮಾನದಲ್ಲಿ ಜನ ಕಡಿಮೆ ಇದ್ದಾಗ, ಸಿಬ್ಬಂದಿ ಬಂದು ನೀವು ನಾಲ್ಕು ಸಾಲು ಆಚೆ ಕೂತುಕೊಳ್ಳಿ ಅಂದಿದ್ದರೆ ಅದು ಇದಕ್ಕೇ. ಕಿಟಕಿ ಸೀಟು ಹೋಯಿತು ಅಂತ ಜಗಳ ಆಡುವವರಿದ್ದಾರೆ. ದಯವಿಟ್ಟು ಹೇಳಿದ ಕಡೆ ಕೂರಿ. ಕ್ಯಾಪ್ಟನ್ ಆ ಲೋಡ್ ಶೀಟ್ ನೋಡಿ ಒಪ್ಪಿಕೊಂಡು, ಅದರಲ್ಲಿರುವ ಅಂಕಿಗೆ ಸರಿಯಾಗಿ ಟ್ರಿಮ್ (ಮುಂಭಾರ ಹಿಂಭಾರಕ್ಕೆ ತಕ್ಕ ಬಾಲದ ಹೊಂದಾಣಿಕೆ) ಇಟ್ಟುಕೊಂಡೇ ಹೊರಡುವುದು.

ಸರಾಸರಿ ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ತರಬೇತಿಯಲ್ಲಿ ಬರುವ ಒಂದು ಘಟನೆ ಇದೆ. 2003ರ ಜನವರಿ 8, ಅಮೆರಿಕದ ಷಾರ್ಲಟ್. 19 ಪ್ರಯಾಣಿಕರಿದ್ದ ಬೀಚ್ 1900ಡಿ ವಿಮಾನ ಮೇಲೇರಿದ ಕೂಡಲೇ ಬಿದ್ದು, ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ, ಬಾಲದ ಎಲಿವೇಟರ್ ಅನ್ನುವ ಭಾಗದ ಕೇಬಲನ್ನು ರಿಪೇರಿಯಲ್ಲಿ ತಪ್ಪಾಗಿ ಹೊಂದಿಸಿದ್ದರು. ಅದರ ಜೊತೆಗೆ ವಿಮಾನ ಮಿತಿ ಮೀರಿ ಹಿಂಭಾರವಾಗಿತ್ತು. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಲೆಕ್ಕಕ್ಕೆ ಹಿಡಿದ ಸರಾಸರಿ ಹಳೆಯದು, ಜನ ಅದಕ್ಕಿಂತ ಭಾರ ಇದ್ದರು. ಆಮೇಲೆ ಅಮೆರಿಕದಲ್ಲಿ ಸರಾಸರಿ ತೂಕ ಏರಿಸಿದರು. ಹಾಗಾಗಿ ಯಾವುದಾದರೂ ವಿಮಾನ ನಿಲ್ದಾಣದಲ್ಲಿ ಸಮೀಕ್ಷೆಗೆ ತೂಕ ಕೊಡ್ತೀರಾ ಅಂತ ಕೇಳಿದರೆ, ಖಂಡಿತ ನಿಲ್ಲಿ.

ಮರುಪ್ರಶ್ನೆ (ಬೆಂಗಳೂರಿನ ಸದಸ್ಯರು):

ಸುರಕ್ಷತೆ ಒಪ್ಪಿದೆ. ಆದರೆ ನನ್ನ ಪ್ರಶ್ನೆ ದುಡ್ಡಿನದು. ನಾನು 52 ಕೆಜಿ. ಹೋದ ಸಲ ಬ್ಯಾಗ್ ನಾಲ್ಕು ಕೆಜಿ ಜಾಸ್ತಿ ಆಯಿತು ಅಂತ ಸಾವಿರಾರು ರೂಪಾಯಿ ಕಟ್ಟಿಸಿಕೊಂಡರು. ಪಕ್ಕದಲ್ಲಿ ನಿಂತವರು ನನಗಿಂತ 50 ಕೆಜಿ ಜಾಸ್ತಿ ಇರಬಹುದು, ಅವರಿಗೆ ಏನೂ ಇಲ್ಲ. ಇದು ಯಾವ ನ್ಯಾಯ?

ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಹೋಗಬೇಕಾದದ್ದು ಬ್ಯಾಗಿನ ದರದ ಮೇಲೆ. ಲೆಕ್ಕ ಹಾಕಿ ನೋಡೋಣ.

ವಿಮಾನಕ್ಕೆ ಹೆಚ್ಚುವರಿಯಾಗಿ ಹಾಕಿದ ಭಾರವನ್ನು ಹೊರೋಕೆ, ಆ ಭಾರದ ನೂರಕ್ಕೆ ಮೂರು ನಾಲ್ಕು ಪಾಲಿನಷ್ಟು ಇಂಧನ ಗಂಟೆಗೆ ಖರ್ಚಾಗುತ್ತದೆ ಅನ್ನುವುದು ನಮ್ಮಲ್ಲಿ ಹಿಡಿಯುವ ಅಂದಾಜು. ಬೆಂಗಳೂರಿಂದ ಮುಂಬೈಗೆ ಒಂದೂವರೆ ಗಂಟೆ ಹಾರಾಟ ಅಂದುಕೊಳ್ಳಿ. 30 ಕೆಜಿ ಜಾಸ್ತಿ ಇರುವ ಮನುಷ್ಯನಿಗೆ ಒಂದೂವರೆಯಿಂದ ಎರಡು ಕೆಜಿಯೊಳಗೆ ಇಂಧನ, ಅಂದರೆ ಎರಡು ಲೀಟರ್ ಆಸುಪಾಸು. ಲೀಟರಿಗೆ 90 ರೂಪಾಯಿ ಹಿಡಿದರೂ 150ರಿಂದ 200 ರೂಪಾಯಿ. ಅದೇ ಸೀಟು ಇವತ್ತು ನಾಲ್ಕು ಸಾವಿರ, ಹಬ್ಬದ ಹಿಂದಿನ ದಿನ ಒಂಬತ್ತು ಸಾವಿರ ಇರುತ್ತದೆ. ನಿಮ್ಮ ನಾಲ್ಕು ಕೆಜಿಗೆ ಖರ್ಚಾದ ಇಂಧನ ಇಪ್ಪತ್ತು ಮೂವತ್ತು ರೂಪಾಯಿಯದು. ಉಳಿದದ್ದು ವ್ಯಾಪಾರ.

ಇನ್ನೊಂದು ಕಡೆಯಿಂದ ನೋಡಿ. ಎ320 ತರಹದ ವಿಮಾನ ಖಾಲಿ ಇದ್ದಾಗಲೇ 40 ಟನ್‌ಗಿಂತ ಜಾಸ್ತಿ. ತುಂಬಿದ 180 ಜನರೂ ಸೇರಿ ಹದಿಮೂರು ಹದಿನಾಲ್ಕು ಟನ್ ಇರಬಹುದು. ಅದರ ಮೇಲೆ ಇಂಧನ, ಲಗೇಜು, ಕಾರ್ಗೋ. ಟಿಕೆಟ್ಟಿನಲ್ಲಿ ವಿಮಾನದ ಬಾಡಿಗೆ, ಸಂಬಳ, ನಿಲ್ದಾಣದ ಶುಲ್ಕ, ರಿಪೇರಿ ಎಲ್ಲ ಇದೆ. ಇವು ಯಾವುವೂ ನಿಮ್ಮ ತೂಕ ನೋಡಿ ಏರುವುದಿಲ್ಲ, ಇಳಿಯುವುದಿಲ್ಲ.

ದೇಹದ ತೂಕಕ್ಕೆ ದರ ಹಾಕಿದ್ದ ಒಂದು ಕಂಪನಿ ನಿಜಕ್ಕೂ ಇತ್ತು. ಪೆಸಿಫಿಕ್ ಸಾಗರದ ಸಮೋವಾ ಏರ್. 2013ರಲ್ಲಿ ಜಗತ್ತಿನ ತುಂಬ ಸುದ್ದಿಯಾಯಿತು. ಬುಕ್ ಮಾಡುವಾಗ ನಿಮ್ಮ ತೂಕ, ಬ್ಯಾಗಿನ ತೂಕ ಎರಡನ್ನೂ ಹೇಳಬೇಕು. ನಿಲ್ದಾಣದಲ್ಲಿ ಮತ್ತೆ ತೂಕ ಹಾಕುತ್ತಿದ್ದರು. ಕೆಜಿಗೆ ಇಷ್ಟು ಅಂತ ದರ. ಮಕ್ಕಳಿರುವ ಸಂಸಾರಕ್ಕೆ ಅಗ್ಗವಾಗುತ್ತಿತ್ತು. ಅವರ ವಿಮಾನಗಳೋ, ಒಂಬತ್ತು ಹತ್ತು ಜನ ಕೂರುವ ಐಲ್ಯಾಂಡರ್, ಮತ್ತೆ ಪುಟ್ಟ ಸೆಸ್ನಾ. ಅಂಥ ವಿಮಾನದಲ್ಲಿ ಕೇದಾರನಾಥದ ಲೆಕ್ಕವೇ ನಡೆಯುತ್ತದೆ. ಅದನ್ನು ತಂದು 180 ಸೀಟಿನ ಜೆಟ್‌ಗೆ ಹಚ್ಚುವುದು ಸರಿಯಲ್ಲ. ಅದೇ ವರ್ಷ ನಾರ್ವೆಯಲ್ಲಿ ಪ್ರಾಧ್ಯಾಪಕರಾಗಿದ್ದ ಭರತ್ ಭಟ್ಟ ಅವರು ಎಲ್ಲ ವಿಮಾನಕ್ಕೂ ಇದನ್ನು ತರಬಹುದು ಅಂತ ಪ್ರಬಂಧ ಬರೆದಿದ್ದರು. ದೊಡ್ಡ ಕಂಪನಿಗಳು ಅದನ್ನು ಹಿಡಿಯಲಿಲ್ಲ.

ಬ್ಯಾಗಿನಿಂದ ಎರಡು ಸೀರೆ ತೆಗೆದು ಮನೆಯಲ್ಲಿ ಇಡಬಹುದು. ಸ್ಟಿರಾಯ್ಡ್ ಮಾತ್ರೆಯಿಂದ ಏರಿದ ಹತ್ತು ಕೆಜಿಯನ್ನು ಎಲ್ಲಿ ಇಡುವುದು? ಆರಡಿ ಎತ್ತರದ ಗಟ್ಟಿಮುಟ್ಟಾದ ಹುಡುಗ, ಏಳು ತಿಂಗಳ ಗರ್ಭಿಣಿ, ಇವರೆಲ್ಲ ಯಾವ ತಪ್ಪಿಗೆ ದಂಡ ಕಟ್ಟಬೇಕು? ಚೆಕ್-ಇನ್ ಸಾಲಿನಲ್ಲಿ ಬ್ಯಾಗ್ ಜಾಸ್ತಿ ಆದಾಗಲೇ ಜನ ಮುಖ ಸಣ್ಣ ಮಾಡಿಕೊಂಡು ನೆಲದ ಮೇಲೆ ಕೂತು ಬಟ್ಟೆ ತೆಗೆಯುವುದನ್ನು ದಿನಾ ನೋಡುತ್ತೇನೆ. ಆ ಜಾಗದಲ್ಲಿ ಒಬ್ಬ ತಾಯಿಯನ್ನು ತಕ್ಕಡಿ ಮೇಲೆ ನಿಲ್ಲಿಸುವುದು ನನಗೆ ಬೇಡ.

ಮರುಪ್ರಶ್ನೆ (ಮಂಗಳೂರಿನ ಸದಸ್ಯರು):

ಸರ್, ತೂಕ ಬಿಡಿ, ಜಾಗದ ಕಷ್ಟ? ದುಬೈಗೆ ಹೋಗುವಾಗ ಪಕ್ಕದವರು ನನ್ನ ಸೀಟಿನ ಕಾಲುಭಾಗ ತೆಗೆದುಕೊಂಡಿದ್ದರು. ಮೂರೂವರೆ ಗಂಟೆ ಓರೆಯಾಗಿ ಕೂತು ಸೊಂಟ ಹಿಡಿದುಕೊಂಡಿತು. ಅವರೂ ಪಾಪ ಮುದುಡಿಕೊಂಡೇ ಕೂತಿದ್ದರು.

ಉತ್ತರ:

ಇದು ನಿಜವಾದ ಸಮಸ್ಯೆ. ಕೆಜಿಗೆ ದುಡ್ಡು ತೆಗೆದುಕೊಂಡರೆ ಇದು ಬಗೆಹರಿಯುವುದಿಲ್ಲ, ಯಾಕೆಂದರೆ ಸೀಟು ಅದೇ 17-18 ಇಂಚು ಅಗಲ ಇರುತ್ತದೆ. ಸಮೋವಾ ಏರ್‌ನವರು ಕೂಡ ಆಮೇಲೆ ದೊಡ್ಡ ಮೈಯವರಿಗೆ ಅಂತ ಒಂದು ಅಗಲದ ಸಾಲು ಮಾಡಿದರು. ನನಗೆ ಸರಿ ಕಾಣುವುದು ಕೆನಡಾದ ದಾರಿ. 2009ರಿಂದ ಅಲ್ಲಿನ ದೊಡ್ಡ ಕಂಪನಿಗಳು ದೇಶದೊಳಗಿನ ಹಾರಾಟದಲ್ಲಿ, ಅಂಗವೈಕಲ್ಯದಿಂದಲೋ ದೇಹದ ಗಾತ್ರದಿಂದಲೋ ಎರಡು ಸೀಟು ಬೇಕೇಬೇಕಾದವರಿಗೆ ಒಂದೇ ಟಿಕೆಟ್ ದರದಲ್ಲಿ ಎರಡು ಸೀಟು ಕೊಡಬೇಕು. ಕಂಪನಿಗಳು ಸುಪ್ರೀಂ ಕೋರ್ಟಿನ ತನಕ ಹೋದವು, ಅಲ್ಲಿ ಅವರ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ನಮ್ಮಲ್ಲೂ ಇಂಥದ್ದು ಬರಬೇಕು ಅಂತ ನಾನು ಕೇಳುತ್ತಲೇ ಇರುತ್ತೇನೆ.

ಸದ್ಯಕ್ಕೆ ನೀವು ಮಾಡಬಹುದಾದದ್ದು: ಬಾಗಿಲು ಮುಚ್ಚುವ ಮುಂಚೆಯೇ ಸಿಬ್ಬಂದಿಯನ್ನು ಮೆಲ್ಲಗೆ ಪಕ್ಕಕ್ಕೆ ಕರೆದು ಹೇಳಿ. ಖಾಲಿ ಸೀಟಿದ್ದರೆ ಬದಲಾಯಿಸಿ ಕೊಡುತ್ತಾರೆ. ಹೇಳದೆ ನೀವೇ ಎದ್ದು ಹೋಗಬೇಡಿ, ಲೋಡ್ ಶೀಟ್ ವಿಷಯ ಮೇಲೆ ಹೇಳಿದ್ದೇನಲ್ಲ.

ಮರುಪ್ರಶ್ನೆ (ಹೆಸರು ಬೇಡ ಅಂದ ಸದಸ್ಯೆ):

ನಾನು ಆ ಪಕ್ಕದ ಸೀಟಿನವಳ ಜಾಗದಲ್ಲಿರುವವಳು. ಬೆಲ್ಟ್ ಸಾಲಲ್ಲ ಅನ್ನೋ ಭಯಕ್ಕೆ ವಿಮಾನವೇ ಹತ್ತಿಲ್ಲ. ಏನು ಮಾಡಬೇಕು?

ಉತ್ತರ:

ಅಕ್ಕ, ಧೈರ್ಯವಾಗಿ ಟಿಕೆಟ್ ಮಾಡಿಸಿ. ಉದ್ದ ಮಾಡುವ ಬೆಲ್ಟ್ ವಿಮಾನದಲ್ಲಿ ಇರುತ್ತದೆ. ಎಕ್ಸ್‌ಟೆನ್ಷನ್ ಬೆಲ್ಟ್ ಕೊಡಿ ಅಂತ ಒಳಗೆ ಹತ್ತುವಾಗಲೇ ಬಾಗಿಲ ಹತ್ತಿರದ ಸಿಬ್ಬಂದಿಗೆ ಹೇಳಿಬಿಡಿ. ಸೀಟಿಗೆ ತಂದು ಕೊಡುತ್ತಾರೆ, ದುಡ್ಡಿಲ್ಲ. ದಾರಿ ಪಕ್ಕದ ಸೀಟು ತೆಗೆದುಕೊಳ್ಳಿ. ಆ ಕಡೆಯ ಕೈಯಾಸರೆ ಎಷ್ಟೋ ವಿಮಾನಗಳಲ್ಲಿ ಏಳುತ್ತದೆ, ಅದರ ಬುಡದಲ್ಲಿ ಕೆಳಗಡೆ ಒಂದು ಗುಂಡಿ ಇರುತ್ತದೆ. ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಮತ್ತೆ ಇಳಿಸಬೇಕು. ಮಧ್ಯಾಹ್ನದ ವಿಮಾನ ಸಾಮಾನ್ಯವಾಗಿ ಬೆಳಗ್ಗೆ, ಸಂಜೆಯದಕ್ಕಿಂತ ಖಾಲಿ ಇರುತ್ತದೆ, ಅದನ್ನೇ ನೋಡಿ. ಕಾಲು ಚಾಚೋಕೆ ಜಾಗ ಸಿಗುತ್ತೆ ಅಂತ ಎಮರ್ಜೆನ್ಸಿ ಎಕ್ಸಿಟ್ ಸಾಲನ್ನು ಮಾತ್ರ ತೆಗೆದುಕೊಳ್ಳಬೇಡಿ. ಎಕ್ಸ್‌ಟೆನ್ಷನ್ ಬೆಲ್ಟ್ ಬೇಕಾದವರನ್ನು ಅಲ್ಲಿ ಕೂರಿಸುವುದಿಲ್ಲ. ಕೊನೇ ಗಳಿಗೆಯಲ್ಲಿ ಎಬ್ಬಿಸಿ ಬೇರೆ ಕಡೆ ಕಳಿಸುತ್ತಾರೆ.